ಮಾಸಿದ ಮೂರು ಕಾಸು

ಭದ್ರಾವತಿಯಲ್ಲಿ ಹಳತಿಗೂ ಹೊಸತಿಗೂ ನಡುವೆ ಗೆರೆ ಎಳೆದದ್ದು ಕಬ್ಬಿಣ. 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯಲ್ಲಿ ಊದುಕುಲುಮೆ ಹೊತ್ತಿಕೊಂಡ ಮೇಲೆ ಅದರ ಸುತ್ತ ಬೆಳೆದ ಬಡಾವಣೆಗಳು ನ್ಯೂ ಟೌನ್ ಎನಿಸಿಕೊಂಡವು. ಒಂದು ಕಾಲಕ್ಕೆ ಬೆಂಕಿಪುರವೆಂದು ಹೆಸರಾಗಿದ್ದ ಮೂಲದ ಊರು ಕೂತಲ್ಲಿಯೇ ಓಲ್ಡ್ ಟೌನ್ ಆಗಿಹೋಯಿತು. ಹೆಸರಿಗೆ ತಕ್ಕ ಹಳಮೆ ಅದಕ್ಕೆ ಉಂಟು. ಹೊಯ್ಸಳರ ಕಾಲದ, ಎಂದರೆ 13ನೆಯ ಶತಮಾನದ, ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿಯೇ ಇದೆ. ದೇವಾಲಯದ ವಯಸ್ಸನ್ನು ಶಿಲ್ಪ ಹೇಳುತ್ತದೆ, ಶಾಸನ ಹೇಳುತ್ತದೆ. ಆದರೆ ಅಂಥ ಊರಿನ ಮನೆಗಳ ಅಟ್ಟದ ಮೇಲೆ, ದೇವರ ಪೆಟ್ಟಿಗೆಯ ತಳದಲ್ಲಿ, ಅಜ್ಜಿಯರ ಎಲೆಯಡಿಕೆ ಸಂಚಿಯಲ್ಲಿ ಉಳಿದುಬಂದಿರುವ ತಾಮ್ರದ ಬಿಲ್ಲೆಗಳ ವಯಸ್ಸನ್ನು ಹೇಳುವವರು ಯಾರು?

ಇಂಥ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಸಂಚಿಯನ್ನು ಕೊಡವಿದಾಗ ಕಪ್ಪಗಾದ ಬಿಲ್ಲೆಯೊಂದು ಉರುಳಿ ಬೀಳುತ್ತದೆ. ಮೊಮ್ಮಗ ಅದನ್ನು ಎತ್ತಿಕೊಂಡು ಮೊಬೈಲ್ ಫೋನಿನಲ್ಲಿ ಏನನ್ನೋ ಹುಡುಕುತ್ತಾನೆ.

“ಅಜ್ಜಿ, ಇಂಥದ್ದಕ್ಕೆ ಐದು ಲಕ್ಷ ಕೊಡ್ತಾರಂತೆ!”

“ಮೂರು ಕಾಸಿಗೆ ಐದು ಲಕ್ಷ ಯಾರು ಕೊಡ್ತಾರಪ್ಪ?” ಎನ್ನುತ್ತಾಳೆ ಅಜ್ಜಿ.

ಅಜ್ಜಿಯ ಮಾತು ಬರಿಯ ಗಾದೆಯಲ್ಲ, ಲೆಕ್ಕವೂ ಹೌದು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಕಾಸು. ಆ ಕಾಸನ್ನೇ ಪೈ ಎಂದೂ ಕರೆಯುತ್ತಿದ್ದರು. ಮೂರು ಕಾಸು ಸೇರಿದರೆ ಕಾಲಾಣೆ. ಅರುವತ್ತನಾಲ್ಕು ಕಾಲಾಣೆ ಸೇರಿದರೆ ಒಂದು ರೂಪಾಯಿ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದ ಮೇಲೆ ಈ ಲೆಕ್ಕ ನಾಲಗೆಯ ಮೇಲೆ ಮಾತ್ರ ಉಳಿಯಿತು. ಅಜ್ಜಿಗೆ ಬಿಲ್ಲೆಯ ಮೇಲಿನ ಅಕ್ಷರ ಕಾಣದಿದ್ದರೂ ಅದರ ಅಗಲವನ್ನು ಬೆರಳು ಮರೆತಿಲ್ಲ. ನಾಣ್ಯಶಾಸ್ತ್ರದ ಮೊದಲ ಪಾಠ ಅವಳಿಗೆ ಕೈಗತವಾಗಿಯೇ ಇದೆ.

ಹಳೆಯ ನಾಣ್ಯವೊಂದು ಕೈಗೆ ಬಂದಾಗ ಏಳಬೇಕಾದ ಪ್ರಶ್ನೆಗಳು ಮೂರು: ಇದು ಯಾವುದು, ಎಂದಿನದು, ಬೆಲೆ ಎಷ್ಟು? ಲೋಕದಲ್ಲಿ ಬಹುಪಾಲು ಜನ ಮೂರನೆಯದರಿಂದ ಮೊದಲು ಮಾಡುತ್ತಾರೆ. ಮೋಸಹೋಗುವವರು ಹುಟ್ಟುವುದು ಈ ತಲೆಕೆಳಗಾದ ಕ್ರಮದಿಂದಲೇ.

ಪ್ರಶ್ನೆಗಳಿಗೂ ಮುಂಚೆ ಒಂದು ಎಚ್ಚರಿಕೆಯ ಮಾತು ಸಲ್ಲಬೇಕು. ತಾಮ್ರವೆಂದೊಡನೆ ನಮ್ಮ ಮನೆಗಳಲ್ಲಿ ಕೈ ಹುಣಸೆಹಣ್ಣಿನ ಕಡೆಗೆ ಹೋಗುತ್ತದೆ. ತಂಬಿಗೆಗೂ ಹಂಡೆಗೂ ಅದು ಒಪ್ಪುವ ಉಪಚಾರ. ನಾಣ್ಯಕ್ಕೆ ಅದು ಅಪಚಾರ. ನೂರಾರು ವರ್ಷಗಳಲ್ಲಿ ತಾಮ್ರ ಗಾಳಿಯೊಡನೆಯೂ ಬೆವರಿನೊಡನೆಯೂ ಸೇರಿ ತನ್ನ ಮೈಮೇಲೆ ಕಂದು ಅಥವಾ ಕಪ್ಪು ಪೊರೆಯೊಂದನ್ನು ಬೆಳೆಸಿಕೊಂಡಿರುತ್ತದೆ. ಸವೆದ ನಾಣ್ಯದಲ್ಲಿ ಅಕ್ಷರದ ಉಬ್ಬು ಎಂದೋ ಇಲ್ಲವಾಗಿದ್ದರೂ, ಅಕ್ಷರವಿದ್ದೆಡೆಗೂ ಬಯಲಿಗೂ ನಡುವೆ ಈ ಪೊರೆಯ ಬಣ್ಣದಲ್ಲಿ ಕೂದಲೆಳೆಯಷ್ಟು ಭೇದ ಉಳಿದಿರುತ್ತದೆ. ಹುಣಸೆಯ ಹುಳಿ ಮೊದಲು ಕರಗಿಸುವುದು ಅದನ್ನೇ. ತಿಕ್ಕಿದ ನಾಣ್ಯ ಹೊಸ ಚೊಂಬಿನಂತೆ ಥಳಥಳಿಸುತ್ತದೆ, ನಿಜ. ಆದರೆ ಅದು ಹೇಳಬೇಕೆಂದಿದ್ದ ಕೊನೆಯ ಮಾತು ಬಚ್ಚಲಿನ ನೀರಿನಲ್ಲಿ ಹರಿದುಹೋಗಿರುತ್ತದೆ. ಉಗುರುಬೆಚ್ಚಗಿನ ಶುದ್ಧವಾದ ನೀರಿನಲ್ಲಿ ನೆನೆಹಾಕಿ, ಮೃದುವಾದ ಬಟ್ಟೆಯಿಂದ ಒತ್ತಿ ಒರೆಸಿದರೆ ಸಾಕು. ಉಜ್ಜುವ ಗೋಜು ಬೇಡ.

ಆಮೇಲೆ ಬೆಳಕು. ಹಗಲಿನ ಬಯಲು ಬೆಳಕಿನಲ್ಲಿ ಸವೆದ ನಾಣ್ಯ ಬರಿಯ ಬಿಲ್ಲೆಯಾಗಿ ತೋರುತ್ತದೆ. ಕೋಣೆಯನ್ನು ಕತ್ತಲೆ ಮಾಡಿ, ಬ್ಯಾಟರಿಯ ಬೆಳಕನ್ನು ನಾಣ್ಯದ ಮಗ್ಗುಲಿನಿಂದ, ಮೇಜಿನ ಮಟ್ಟದಲ್ಲಿ ಓರೆಯಾಗಿ ಬಿಟ್ಟು, ನಾಣ್ಯವನ್ನು ಮೆಲ್ಲನೆ ತಿರುಗಿಸುತ್ತ ಹೋದರೆ ಅಲ್ಲೊಂದು ಕಿವಿ, ಇಲ್ಲೊಂದು ಬಾಲ, ಅಂಚಿನ ಬಳಿ ಅರ್ಧ ಅಕ್ಷರ ನೆರಳಾಗಿ ಮೂಡುತ್ತವೆ. ತೆಳುವಾದ ಕಾಗದವನ್ನು ಮೇಲಿಟ್ಟು ಸೀಸದ ಕಡ್ಡಿಯಿಂದ ಹಗುರವಾಗಿ ಉಜ್ಜುವ ಮಕ್ಕಳ ಆಟವನ್ನೂ ಕಡೆಗಣಿಸಬಾರದು. ಕಣ್ಣಿಗೆ ಕಾಣದ ಉಬ್ಬನ್ನು ಕಾಗದ ಎಷ್ಟೋ ಸಲ ಹಿಡಿದುಕೊಡುತ್ತದೆ.

ಇನ್ನು ತೂಕ. ಅಕ್ಷರ ಅಳಿಯಬಹುದು, ಮುಖ ಮಾಸಬಹುದು. ತೂಕ ಅಷ್ಟು ಸುಲಭವಾಗಿ ಸುಳ್ಳಾಡುವುದಿಲ್ಲ. ಅಕ್ಕಸಾಲಿಗನ ತಕ್ಕಡಿಯೇ ಇಲ್ಲಿ ಸಾಕ್ಷಿ. 1835ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ತನ್ನ ನಾಣ್ಯಗಳನ್ನು ಏಕರೂಪಕ್ಕೆ ತಂದಾಗ ರೂಪಾಯಿಯ ತೂಕವನ್ನು 180 ಗ್ರೇನ್, ಎಂದರೆ ಒಂದು ತೊಲ ಎಂದು ನಿಲ್ಲಿಸಿತು. ತಾಮ್ರದ ಕಾಲಾಣೆಗೆ 100 ಗ್ರೇನ್, ಅರ್ಧಾಣೆಗೆ 200. ಇಂದಿನ ಅಳತೆಯಲ್ಲಿ ಕಾಲಾಣೆ ಸುಮಾರು 6.5 ಗ್ರಾಂ, ಅರ್ಧಾಣೆ ಸುಮಾರು 13 ಗ್ರಾಂ. ಒಂದು ಪೈಯ ನಾಣ್ಯ ಕಾಲಾಣೆಯ ಮೂರನೆಯ ಒಂದು ಪಾಲು. ಈ ತೂಕ ವಿಕ್ಟೋರಿಯಾ ರಾಣಿಯ ಕಾಲದುದ್ದಕ್ಕೂ ನಡೆದುಬಂದಿತು. 1906ರಲ್ಲಿ ಸರ್ಕಾರ ತಾಮ್ರವನ್ನು ಬಿಟ್ಟು ಕಂಚಿಗೆ ತಿರುಗಿತು. ಅಗಲ ಹೆಚ್ಚು ಕಡಿಮೆ ಅಷ್ಟೇ, ಒಂದು ಅಂಗುಲದ ಸುತ್ತಮುತ್ತ; ಆದರೆ ಕಾಲಾಣೆಯ ತೂಕ 75 ಗ್ರೇನಿಗೆ, ಎಂದರೆ 5 ಗ್ರಾಮಿಗೂ ಕಡಿಮೆಗೆ, ಇಳಿಯಿತು. ಯುದ್ಧದ ನಡುವೆ 1943ರಲ್ಲಿ ಲೋಹ ಉಳಿಸುವ ಸಲುವಾಗಿ ನಡುವೆ ದೊಡ್ಡ ತೂತಿರುವ ಕಾಸು ಬಂದಿತು. ತೂತಿನ ಕಾಸನ್ನು ಗುರುತಿಸಲು ಶಾಸ್ತ್ರವೇನೂ ಬೇಕಿಲ್ಲ. ಅದನ್ನು ದಾರದಲ್ಲಿ ಪೋಣಿಸಿ ಆಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ.

ಆದ್ದರಿಂದ ಒಂದಂಗುಲದ ಸವೆದ ಬಿಲ್ಲೆ ಆರು ಗ್ರಾಂ ತೂಗಿದರೆ ಅದು 1906ರ ಬಳಿಕದ ಕಂಚಾಗಿರಲಾರದು. ಸವೆತದಿಂದ ತೂಕ ಇಳಿಯಬಹುದೇ ಹೊರತು ಏರುವುದಿಲ್ಲವಷ್ಟೆ. ನಾಲ್ಕೂವರೆ ತೂಗಿದರೆ ಮಾತ್ರ ಅನುಮಾನ ಉಳಿಯುತ್ತದೆ; ಬಹಳ ಸವೆದ ತಾಮ್ರವೋ, ಸ್ವಲ್ಪ ಸವೆದ ಕಂಚೋ ಎಂಬುದನ್ನು ಆಗ ಚಿತ್ರವೇ ಹೇಳಬೇಕು.

ಚಿತ್ರದ ಮಾತಿಗೆ ಬಂದರೆ, ನಡುವೆ ಒಂದೇ ದೊಡ್ಡ ನೆರಳಿದ್ದು ಅದು ತಲೆಯ ಆಕಾರದಲ್ಲಿದ್ದರೆ ನಾಣ್ಯ 1862ರದು ಅಥವಾ ಅದರ ಈಚಿನದು. 1858ರಲ್ಲಿ ಕಂಪೆನಿಯ ಆಳ್ವಿಕೆ ಮುಗಿದು ರಾಣಿಯ ಆಳ್ವಿಕೆ ಮೊದಲಾಯಿತು; ತಾಮ್ರದ ಕಾಲಾಣೆಯ ಮೇಲೆ ರಾಣಿ ತಲೆಯೆತ್ತಿದ್ದು 1862ರಲ್ಲಿ. ಕಿರೀಟ ಧರಿಸಿದ ವಿಕ್ಟೋರಿಯಾ ನೋಡುವವರ ಎಡಕ್ಕೆ ಮುಖಮಾಡಿದ್ದಾಳೆ. ಅವಳ ಮಗ ಏಳನೆಯ ಎಡ್ವರ್ಡ್ ಬೋಳುತಲೆಯಲ್ಲಿ ಬಲಕ್ಕೆ ತಿರುಗಿದ್ದಾನೆ. ಐದನೆಯ ಮತ್ತು ಆರನೆಯ ಜಾರ್ಜ್ ಇಬ್ಬರೂ ಕಿರೀಟಧಾರಿಗಳು, ಎಡಮುಖದವರು. ಮೊದಲನೆಯವನಿಗೆ ಗಡ್ಡವುಂಟು, ಎರಡನೆಯವನಿಗಿಲ್ಲ. ಮುಖ ಪೂರ್ತಿ ಮಾಸಿದ್ದರೂ ಮೂಗು ಯಾವ ಕಡೆಗಿತ್ತೆಂಬುದು ನೆರಳಿನಲ್ಲಿ ತಿಳಿಯುತ್ತದೆ. ಬಲಕ್ಕಿದ್ದರೆ 1903ರಿಂದ 1910ರ ಒಳಗಿನದೆಂದು ಕಣ್ಣುಮುಚ್ಚಿ ಹೇಳಬಹುದು. ಎಡಕ್ಕಿದ್ದರೆ ತಕ್ಕಡಿಯ ಮಾತನ್ನು ಕೇಳಬೇಕು: ಆರು ಗ್ರಾಮಿನದು ವಿಕ್ಟೋರಿಯಾ, ಐದರ ಒಳಗಿನದು ಬಹುಮಟ್ಟಿಗೆ ಜಾರ್ಜರು. ವಿಕ್ಟೋರಿಯಾಳಲ್ಲಿಯೂ ಎರಡು ವಿಧ. 1877ರ ಜನವರಿ 1ರಂದು ದೆಹಲಿಯ ದರ್ಬಾರಿನಲ್ಲಿ ಅವಳನ್ನು ಚಕ್ರವರ್ತಿನಿ ಎಂದು ಸಾರಿದರು. ಅಂದಿನಿಂದ ನಾಣ್ಯದ ಮೇಲೆ ‘ಕ್ವೀನ್’ ಹೋಗಿ ‘ಎಂಪ್ರೆಸ್’ ಬಂದಿತು. ಅಂಚಿನ ಬಳಿಯ ಅಕ್ಷರಗಳು ಮುಖಕ್ಕಿಂತ ನಿಧಾನವಾಗಿ ಸವೆಯುವುದುಂಟು. ಏರಿದ ಅಂಚು ಅವಕ್ಕೆ ಗೋಡೆಯಂತೆ ಕಾಪಾಗುತ್ತದೆ. ಈ ಒಂದು ಶಬ್ದದ ಬಾಲ ಸಿಕ್ಕರೂ ಹದಿನೈದು ವರ್ಷಗಳ ಅನುಮಾನ ಕಳೆಯುತ್ತದೆ.

ಐದನೆಯ ಜಾರ್ಜನ 1911ರ ನಾಣ್ಯಗಳದು ಒಂದು ತಮಾಷೆಯ ಕಥೆ. ದೊರೆಯ ನಿಲುವಂಗಿಯ ಮೇಲೆ ಕೊರೆದಿದ್ದ ಪುಟ್ಟ ಆನೆಯ ಸೊಂಡಿಲು ತೀರ ಮೊಟಕಾಗಿ, ಅದು ಹಂದಿಯೆಂದು ಜನ ಗಲಾಟೆ ಮಾಡಿದರು. ಮರುವರ್ಷ ಸೊಂಡಿಲನ್ನು ಉದ್ದ ಮಾಡಿ ಅಚ್ಚನ್ನು ತಿದ್ದಬೇಕಾಯಿತು. ಸವೆದ ನಾಣ್ಯದಲ್ಲಿ ಆನೆಯೂ ಕಾಣದು, ಹಂದಿಯೂ ಕಾಣದು ಎಂಬುದು ಬೇರೆ ಮಾತು.

ತಲೆಯಿಲ್ಲದೆ, ನಡುವೆ ಗುರಾಣಿಯೊಂದು, ಅದರ ಎರಡು ಮಗ್ಗುಲಲ್ಲಿ ಹಿಂಗಾಲಿನ ಮೇಲೆ ನಿಂತ ಎರಡು ಮೃಗಗಳು ತೋರಿದರೆ ಅವು ಕಂಪೆನಿಯ ಸಿಂಹಗಳು. ಇಂಗ್ಲೆಂಡಿನ ದೊರೆಯ ಮತ್ತು ಸಭೆಯ ಆಶ್ರಯದಲ್ಲಿ ಎಂಬರ್ಥದ ಲ್ಯಾಟಿನ್ ಮಾತು ಕೆಳಗಿನ ಪಟ್ಟಿಯಲ್ಲಿ ಇರುತ್ತದೆ. ವ್ಯಾಪಾರಕ್ಕೆಂದು ಬಂದವರಿಗೆ ದೊರೆಯ ಆಶ್ರಯವಿದ್ದದ್ದೇನೋ ನಿಜ; ಆಳಿಸಿಕೊಂಡವರನ್ನು ಕೇಳಿದವರು ಮಾತ್ರ ಯಾರೂ ಇಲ್ಲ.

ಆದರೆ ಶಿವಮೊಗ್ಗದ ಸೀಮೆಯಲ್ಲಿ ಪರೀಕ್ಷೆ ಇಷ್ಟಕ್ಕೇ ಮುಗಿಯುವುದಿಲ್ಲ. ಹಿಂದಿನ ಶತಮಾನಗಳಲ್ಲಿ ಕನ್ನಡನಾಡು ಒಂದೇ ಕೈಯಲ್ಲಿರಲಿಲ್ಲ. ಅದರ ಚಿಲ್ಲರೆಯೂ ಒಂದೇ ಆಗಿರಲಿಲ್ಲ. ಧಾರವಾಡದ ಕಡೆ ಮುಂಬಯಿ ಆಧಿಪತ್ಯದ ನಾಣ್ಯ: ಒಂದು ಮಗ್ಗುಲಲ್ಲಿ ತಕ್ಕಡಿ, ತಟ್ಟೆಗಳ ನಡುವೆ ನ್ಯಾಯ ಎಂಬರ್ಥದ ಪಾರಸಿ ಶಬ್ದ. ಬಳ್ಳಾರಿ, ಮಂಗಳೂರುಗಳ ಕಡೆ ಮದರಾಸಿನದು. ನಡುವಣ ಮೈಸೂರು ಸೀಮೆಯಲ್ಲಿ ಟಿಪ್ಪುವಿನ ಆನೆಯ ಕಾಸು. ಅದನ್ನು ಅಚ್ಚುಹಾಕಿದ ಟಂಕಸಾಲೆಗಳಲ್ಲಿ ಒಂದು ಇದೇ ಜಿಲ್ಲೆಯ ನಗರ, ಹಿಂದಿನ ಬಿದನೂರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸು. ಮೊದಲು ಆನೆಯದು, ಮುಂದೆ ಸಿಂಹದ್ದು.

ಗೊಂದಲ ಹುಟ್ಟುವುದು ಇಲ್ಲಿಯೇ. ಮದರಾಸಿಗೆಂದು ಕಂಪೆನಿ 1803ರಲ್ಲಿಯೂ 1808ರಲ್ಲಿಯೂ ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ, ಮ್ಯಾಥ್ಯೂ ಬೌಲ್ಟನ್ನನ ಆವಿಯಂತ್ರದಿಂದ, ಹತ್ತು ಕಾಸು ಮತ್ತು ಇಪ್ಪತ್ತು ಕಾಸಿನ ನಾಣ್ಯಗಳನ್ನು ಮಾಡಿಸಿ ತರಿಸಿತು. ಇಂಗ್ಲೆಂಡಿನಲ್ಲಿ 1797ರ ಗಾಡಿಗಾಲಿಯಂಥ ದಪ್ಪ ಪೆನ್ನಿಯನ್ನು ಮಾಡಿದ ಯಂತ್ರಶಾಲೆಯೂ ಅದೇ. ಇಪ್ಪತ್ತರ ನಾಣ್ಯದ ಮೇಲೆ ಇಂಗ್ಲಿಷಿನಲ್ಲಿ ರೋಮನ್ ಅಂಕಿಯೊಡನೆ ‘ಕ್ಯಾಶ್’ ಎಂದಿದೆ, ಜೊತೆಗೆ ಪಾರಸಿಯ ಬರವಣಿಗೆ. ಒಡೆಯರ ಸಿಂಹದ ಕಾಸಿನ ಮೇಲೆಯೂ ಅದೇ ರೋಮನ್ ಇಪ್ಪತ್ತು, ಅದೇ ‘ಕ್ಯಾಶ್’! ಅಷ್ಟನ್ನು ಕಂಡೊಡನೆ ‘ಬ್ರಿಟಿಷರದು’ ಎಂದು ತೀರ್ಮಾನಿಸಿ ಮೈಸೂರಿನ ನಾಣ್ಯವನ್ನು ಪರದೇಶಿ ಮಾಡಿದವರು ಉಂಟು. ತಿರುಗಿಸಿ ನೋಡಿದರೆ ಕನ್ನಡದಲ್ಲಿ ‘ಮಯಿಲಿ ಕಾಸು ೨೦’ ಎಂದಿರುತ್ತದೆ. ಆ ಅಕ್ಷರಗಳು ಅಳಿದಿದ್ದರೂ ಸಿಂಹಗಳನ್ನು ಎಣಿಸಬಹುದು: ಗುರಾಣಿ ಹಿಡಿದ ಜೋಡಿಯಾದರೆ ಕಂಪೆನಿ, ಒಂಟಿಯಾದರೆ ಮೈಸೂರು. ಅಂಚೂ ಒಂದು ಗುರುತು. ಯಂತ್ರದ ನಾಣ್ಯ ಚಂದ್ರಬಿಂಬದಂತೆ ದುಂಡಗೆ, ದಪ್ಪದಲ್ಲಿ ಸಮ. ಸುತ್ತಿಗೆಯ ಪೆಟ್ಟಿನಿಂದಾದ ನಾಣ್ಯದಲ್ಲಿ ಚಿತ್ರ ಒಂದು ಪಕ್ಕಕ್ಕೆ ಸರಿದಿರುತ್ತದೆ, ಅಂಚು ಸೊಟ್ಟಗಿರುತ್ತದೆ.

ಆ ಒಂಟಿ ಸಿಂಹದಲ್ಲಿ ಒಂದು ವಿಷಾದವೂ ಇದೆ. 1831ರಲ್ಲಿ ಕಂಪೆನಿ ಒಡೆಯರ ಕೈಯಿಂದ ರಾಜ್ಯಾಡಳಿತವನ್ನು ತೆಗೆದುಕೊಂಡಿತು. ಅದು ಅರಮನೆಗೆ ಮರಳಿದ್ದು 1881ರಲ್ಲಿ. ಆದರೂ ಸಿಂಹದ ಕಾಸುಗಳ ಮೇಲೆ 1843ರವರೆಗಿನ ವರ್ಷಗಳು ಕಾಣುತ್ತವೆ. ಅಧಿಕಾರ ಹೋದ ಮೇಲೆಯೂ ಅರಸನ ಹೆಸರು ಹನ್ನೆರಡು ವರ್ಷ ಸಂತೆಯಲ್ಲಿ ಓಡಾಡಿತು. ‘ಕ್ಯಾಶ್’ ಎಂಬ ಶಬ್ದವೂ ಪರಕೀಯವಲ್ಲ; ನಾಣ್ಯದ ಮೇಲಿನ ಈ ‘ಕ್ಯಾಶ್’ ನಮ್ಮ ‘ಕಾಸು’ ಎಂಬುದೇ ಪೋರ್ಚುಗೀಸರ ಬಾಯಿಂದ ಇಂಗ್ಲಿಷರ ಬಾಯಿಗೆ ಬಿದ್ದು ಆದ ರೂಪ. ಬ್ಯಾಂಕಿನ ‘ಕ್ಯಾಶ್’ ಬೇರೆ ಮೂಲದ್ದು.

1808ರ ಕಾಸುಗಳನ್ನು ಹೊತ್ತು ಹೊರಟ ‘ಅಡ್ಮಿರಲ್ ಗಾರ್ಡ್ನರ್’ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರವನ್ನು ದಾಟುವ ಮೊದಲೇ ಗುಡ್ವಿನ್ ಮರಳುದಿಬ್ಬದಲ್ಲಿ ಒಡೆದುಹೋಯಿತು. ಟನ್ನುಗಟ್ಟಲೆ ತಾಮ್ರ ಕಡಲ ಪಾಲಾಯಿತು. 1980ರ ದಶಕದಲ್ಲಿ ಮುಳುಗುಗಾರರು ಮೇಲೆತ್ತಿದ ಲಕ್ಷಾಂತರ ಕಾಸುಗಳು ಈಗ ಪ್ರಪಂಚದ ತುಂಬ ಸಂಗ್ರಾಹಕರ ಕೈಯಲ್ಲಿವೆ. ಮದರಾಸಿನ ಸಂತೆಯನ್ನು ಒಮ್ಮೆಯೂ ಕಾಣದ ಆ ನಾಣ್ಯಗಳಲ್ಲಿ ಎಷ್ಟೋ ಇಂದಿಗೂ ಸಿಂಹದ ಕೂದಲು ಎಣಿಸುವಷ್ಟು ಸ್ಪಷ್ಟ. ನಮ್ಮ ಮನೆಗಳ ಬಿಲ್ಲೆ ಮಾಸಿರುವುದು ಅದು ಕೆಲಸಮಾಡಿದ್ದರಿಂದ.

ಕಲ್ಪನೆಯ ಸಂಚಿಯಿಂದ ಬಿದ್ದ ಬಿಲ್ಲೆಯನ್ನು ಈ ಕ್ರಮದಲ್ಲಿ ನೋಡಬಹುದು. ಅಗಲ ಒಂದಂಗುಲ, ದುಂಡಗಿದೆ, ಯಂತ್ರದ್ದು. ತೂಕ ಐದೂ ಮುಕ್ಕಾಲು ಗ್ರಾಂ. ಕಂಚಲ್ಲ, ತಾಮ್ರದ ಕಾಲಾಣೆ. ಓರೆ ಬೆಳಕಿನಲ್ಲಿ ಒಂದು ಮಗ್ಗುಲು ಎರಡು ಮೃಗಗಳ ನೆರಳು, ಇನ್ನೊಂದು ಮಗ್ಗುಲು ಎಲೆಗಳ ಹಾರದ ಕೆಳಭಾಗ. ಹಾರವಿರುವುದರಿಂದ ಮದರಾಸಿನ ಕಾಸಲ್ಲ, ತಕ್ಕಡಿಯಿಲ್ಲದ್ದರಿಂದ ಮುಂಬಯಿಯದಲ್ಲ. ಅಲ್ಲಿಗೆ ಕಂಪೆನಿಯ ಕಾಲಾಣೆ ಎಂಬುದು ನಿಶ್ಚಯವಾಯಿತು. ಈ ಜಾತಿಯ ಕಾಲಾಣೆಗಳ ಮೇಲೆ ಕಾಣುವ ವರ್ಷಗಳು ಮೂರೇ: 1835, 1857, 1858. ವರ್ಷ ಸಿಂಹಗಳ ಕಾಲಬುಡದಲ್ಲಿ ಇರುತ್ತದೆ. ನಾಲ್ಕು ಅಂಕಿಗಳನ್ನೂ ಓದಬೇಕಾದ ಅಗತ್ಯವಿಲ್ಲ. ಮೊದಲೆರಡು ಗೊತ್ತೇ ಇವೆ. ಮೂರನೆಯ ಅಂಕಿಯ ನೆತ್ತಿಯೊಂದು ಸಿಕ್ಕರೆ ಸಾಕು: ನೆತ್ತಿ ಗುಂಡಗೆ ಬಾಗಿದ್ದರೆ ಮೂರು, ಅಡ್ಡಗೆರೆ ಇದ್ದರೆ ಐದು. ಸೀಸದ ಕಡ್ಡಿಯ ಉಜ್ಜಿನಲ್ಲಿ ಗುಂಡು ನೆತ್ತಿ ಮೂಡಿತೆಂದರೆ ನಾಣ್ಯದ ಮೇಲಿನ ವರ್ಷ 1835.

‘ನಾಣ್ಯದ ಮೇಲಿನ ವರ್ಷ’ ಎಂದದ್ದು ಬೇಕೆಂದೇ. ನಾಣ್ಯ ಹೇಳಿಕೊಳ್ಳುವ ವರ್ಷವೂ ಹುಟ್ಟಿದ ವರ್ಷವೂ ಒಂದೇ ಆಗಬೇಕಿಲ್ಲ. ಕಂಪೆನಿಯ ಕಾಲದಲ್ಲಿ ಪ್ರತಿವರ್ಷ ಅಂಕಿ ಬದಲಾಯಿಸುವ ಪದ್ಧತಿ ಇರಲಿಲ್ಲ. 1840 ಎಂದು ಬರೆದ ಬೆಳ್ಳಿಯ ರೂಪಾಯಿಗಳನ್ನು 1862ರವರೆಗೂ ಅಚ್ಚುಹಾಕಿದರು. 1862ರ ಅಂಕಿಯನ್ನು ಮತ್ತೆ ಹತ್ತುಹನ್ನೊಂದು ವರ್ಷ ಎಳೆದರು. ಕಾಲಾಣೆಯಲ್ಲಿಯೂ 1862ರ ನಂತರ ಕಾಣುವ ವರ್ಷ 1874. ಆದ್ದರಿಂದ 1835 ಎಂದು ಓದಿದವರು ‘1835ರದು ಅಥವಾ ಅಲ್ಲಿಂದ ಈಚೆಗೆ 1857ರ ಒಳಗಿನದು’ ಎಂದು ಹೇಳುವುದು ವಿವೇಕ. ವಯಸ್ಸನ್ನು ಮುಚ್ಚಿಡುವುದು ಮನುಷ್ಯರ ಗುಣ ಮಾತ್ರವಲ್ಲ.

ಇನ್ನು ಮೂರನೆಯ ಪ್ರಶ್ನೆ. ಇಂಥ ಕಾಲಾಣೆಗಳನ್ನು ಕೋಟಿಗಟ್ಟಲೆ ಮಾಡಿದ್ದರು. ಇಂದಿಗೂ ಧಾರಾಳವಾಗಿ ಸಿಗುತ್ತವೆ. ಸವೆದದ್ದಕ್ಕೆ ಸಂಗ್ರಾಹಕರು ಕೊಡುವುದು ಹೆಚ್ಚೆಂದರೆ ಹೋಟೆಲಿನ ಒಂದು ಊಟದ ಬೆಲೆ. ಹಾಗಾದರೆ ಐದು ಲಕ್ಷದ ಮಾತು ಎಲ್ಲಿಂದ ಬಂತು? ಅದು ಕೊಡುವವರ ಮಾತಲ್ಲ, ಕಸಿಯುವವರ ಮಾತು. ಫೋನಿನ ಜಾಹೀರಾತನ್ನು ನಂಬಿ ಚಿತ್ರ ಕಳುಹಿಸಿದವರಿಗೆ ಒಡನೆಯೇ ಒಪ್ಪಿಗೆ ಬರುತ್ತದೆ. ಅದರ ಹಿಂದೆಯೇ ನೋಂದಣಿಗೆ ಇಷ್ಟು, ತೆರಿಗೆಗೆ ಇಷ್ಟು, ಕಮಿಷನ್ ಇಷ್ಟು ಎಂದು ಕೇಳಿಕೆಗಳು ಮೊದಲಾಗುತ್ತವೆ. ಅದಕ್ಕೆ ರಿಸರ್ವ್ ಬ್ಯಾಂಕಿನ ಹೆಸರನ್ನೂ ಲಾಂಛನವನ್ನೂ ಬಳಸುವಷ್ಟು ಧೈರ್ಯ ಅವರಿಗುಂಟು. 2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕು ಸ್ಪಷ್ಟವಾಗಿ ಸಾರಿತು: ಹಳೆಯ ನೋಟು ನಾಣ್ಯಗಳ ಇಂಥ ವ್ಯವಹಾರದಲ್ಲಿ ತಾನು ತೊಡಗುವುದಿಲ್ಲ, ಶುಲ್ಕವನ್ನಾಗಲಿ ಕಮಿಷನ್ನನ್ನಾಗಲಿ ಕೇಳುವುದಿಲ್ಲ, ತನ್ನ ಪರವಾಗಿ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ. ಮಗನ ಕಾಲೇಜಿನ ಶುಲ್ಕಕ್ಕೆಂದು ಕೂಡಿಟ್ಟ ಹಣ, ಮದುವೆಗೆಂದು ಇಟ್ಟ ಹಣ, ನಿವೃತ್ತರಾದವರ ಉಳಿತಾಯ ಇವು ಹೋಗುವುದು ಹೀಗೆ, ಐದು ಸಾವಿರ ಹತ್ತು ಸಾವಿರದ ಕಂತುಗಳಲ್ಲಿ.

ಇದಕ್ಕಿಂತ ಹಳೆಯ, ಇನ್ನೂ ಘೋರವಾದ ಮೋಸ ಅಕ್ಕಿ ಎಳೆಯುವ ತಾಮ್ರದ್ದು. ‘ರೈಸ್ ಪುಲ್ಲಿಂಗ್’ ಎಂಬ ಹೆಸರಿನಲ್ಲಿ ಅದು ಕರ್ನಾಟಕದ ಪೊಲೀಸ್ ಠಾಣೆಗಳಿಗೆ ಚಿರಪರಿಚಿತ. ಕಂಪೆನಿಯ ಕಾಲದ ತಾಮ್ರಕ್ಕೆ ಸಿಡಿಲಿನ ಶಕ್ತಿ ಹೊಕ್ಕಿದೆ, ಅದು ಅಕ್ಕಿಕಾಳನ್ನು ಸೆಳೆಯುತ್ತದೆ, ಪರದೇಶದ ವಿಜ್ಞಾನಿಗಳು ಕೋಟಿ ಕೊಟ್ಟು ಕೊಳ್ಳುತ್ತಾರೆ ಎಂದು ನಂಬಿಸಿ ಲಕ್ಷಗಳನ್ನು ಹೂಡಿಸುತ್ತಾರೆ. ತಾಮ್ರ ಅಕ್ಕಿಯನ್ನೂ ಎಳೆಯದು, ಅಯಸ್ಕಾಂತಕ್ಕೂ ಅಂಟದು. ಅಕ್ಕಿಗೆ ಕಬ್ಬಿಣದ ಪುಡಿ ಬಳಿದು, ಪಾತ್ರೆಯೊಳಗೆ ಅಯಸ್ಕಾಂತ ಅಡಗಿಸಿದರೆ ಯಾವ ಅಕ್ಕಿಯಾದರೂ ಕುಣಿಯುತ್ತದೆ. ಕಬ್ಬಿಣದ ಊರಿನಲ್ಲಿ ಇದನ್ನು ಯಾರಿಗೂ ಕಲಿಸಿಕೊಡಬೇಕಾಗಿಲ್ಲ. ಕಾರ್ಖಾನೆಯಲ್ಲಿ ದುಡಿದವರ ಮನೆಯ ಮಗುವಿಗೂ ಅಯಸ್ಕಾಂತದ ಗುಣ ಗೊತ್ತು. ಆಸೆ ಅಡ್ಡಬಂದಾಗ ಮಾತ್ರ ಗೊತ್ತಿದ್ದದ್ದು ಮರೆತುಹೋಗುತ್ತದೆ.

ಮೂರನೆಯದು ದೇವರ ಮನೆಗೇ ನುಗ್ಗಿರುವ ಮೋಸ. ಒಂದು ಮಗ್ಗುಲಲ್ಲಿ ರಾಮಪಟ್ಟಾಭಿಷೇಕವೋ ಹನುಮಂತನೋ ಲಕ್ಷ್ಮಿಯೋ, ಇನ್ನೊಂದು ಮಗ್ಗುಲಲ್ಲಿ ‘ಈಸ್ಟ್ ಇಂಡಿಯಾ ಕಂಪೆನಿ, ಅರ್ಧಾಣೆ, 1818’ ಅಥವಾ ‘ಒಂದು ಆಣೆ, 1818’ ಎಂದಿರುವ ಬಿಲ್ಲೆಗಳನ್ನು ಪೂಜೆಗಿಟ್ಟ ಮನೆಗಳು ಬಹಳ. ಕಂಪೆನಿಯ ನಾಣ್ಯದಲ್ಲಿ ದೇವರು ಇರಲಾರನೆಂದಲ್ಲ. ಮದರಾಸಿನ ಚಿನ್ನದ ವರಹಗಳಲ್ಲಿ ವಿಷ್ಣು ಇದ್ದಾನೆ. ಆದರೆ 1818ರಲ್ಲಿ ಕಂಪೆನಿ ಅರ್ಧಾಣೆಯ ನಾಣ್ಯವನ್ನೇ ಮಾಡಿರಲಿಲ್ಲ, ಒಂದಾಣೆಯ ತಾಮ್ರದ ನಾಣ್ಯವನ್ನಂತೂ ಎಂದೂ ಮಾಡಲಿಲ್ಲ. ಒಂದಾಣೆಯ ನಾಣ್ಯ ಬಂದದ್ದು 1906ರ ಸುಮಾರಿಗೆ, ಅದೂ ನಿಕಲ್ ಬೆರೆತ ಬಿಳಿಯ ಲೋಹದಲ್ಲಿ. ಭಕ್ತಿಯಿಂದ ಇಟ್ಟುಕೊಂಡವರು ಇಟ್ಟುಕೊಳ್ಳಲಿ. ನಾಣ್ಯವೆಂದು ಹಣಕೊಟ್ಟು ಕೊಳ್ಳಬಾರದು.

ನಿಜವಾದ ಹಳೆಯ ನಾಣ್ಯವನ್ನು ಕಾಗದದ ಪುಟ್ಟ ಲಕೋಟೆಯಲ್ಲಿಡುವುದು ಲೇಸು. ಮೆತ್ತನೆಯ ಪ್ಲಾಸ್ಟಿಕ್ ಚೀಲಗಳಲ್ಲಿ ಕೆಲವು ತಾಮ್ರಕ್ಕೆ ಹಸಿರು ಕಿಲುಬು ಹಿಡಿಸುತ್ತವೆ. ತೂಕ, ಅಗಲ, ಯಾರಿಂದ ಬಂತು ಎಂಬುದನ್ನು ಲಕೋಟೆಯ ಮೇಲೆ ಬರೆದಿಟ್ಟರೆ ಮುಂದಿನವರಿಗೆ ಉಪಕಾರ. ಮೈಸೂರಿನ ನಾಣ್ಯಗಳ ವಿಷಯದಲ್ಲಿ ಹೆಚ್ಚು ತಿಳಿಯಬೇಕೆನ್ನುವವರಿಗೆ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳನ್ನು ಕುರಿತ ಹೆಂಡರ್ಸನ್ನರ 1921ರ ಗ್ರಂಥವೂ, ಡಾ. ಎ. ವಿ. ನರಸಿಂಹಮೂರ್ತಿಯವರ ಕರ್ನಾಟಕದ ನಾಣ್ಯಗಳ ಗ್ರಂಥವೂ ಇವೆ.

ಮನೆಯಲ್ಲಿ ಉಳಿದುಬಂದದ್ದರ ಮಾತು ಇದು. ಹಿತ್ತಲು ಅಗೆಯುವಾಗ ಗಡಿಗೆಯಲ್ಲಿ ಸಿಕ್ಕಿದರೆ ಅದು ನಿಧಿಯ ಕಾನೂನಿಗೆ ಒಳಪಡುತ್ತದೆ, ಅಧಿಕಾರಿಗಳಿಗೆ ತಿಳಿಸಬೇಕು. ಅಮೆರಿಕದಲ್ಲಿರುವ ಮೊಮ್ಮಕ್ಕಳ ಸೂಟ್‌ಕೇಸಿನಲ್ಲಿ ನೆನಪಿಗೆಂದು ಒಂದು ಕಾಲಾಣೆ ಹಾಕಿ ಕಳುಹಿಸುವವರೂ ವಯಸ್ಸು ನೋಡಿ ಹಾಕಬೇಕು. ನೂರು ವರ್ಷ ತುಂಬಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಆರನೆಯ ಜಾರ್ಜನ 1942ರ ಕಾಲಾಣೆಗೆ ಆ ವಯಸ್ಸು ಇನ್ನೂ ಆಗಿಲ್ಲ. ಎರಡು ಸಿಂಹಗಳದಕ್ಕೆ ಎಂದೋ ಆಗಿಹೋಗಿದೆ.